ಅಧ್ಯಕ್ಷರ ಹುಳ

“ಇದು ನಾನೇನಾ?” ಎಂದು ಅಧ್ಯಕ್ಷರು ಗಹಗಹಿಸಿ ನಕ್ಕರು. ಮೇಜಿನ ಮೇಲೆ ಬಿಚ್ಚಿಟ್ಟ ಚೌಕಟ್ಟಿನಲ್ಲಿ ಅವರ ಹೆಸರು ಹೊತ್ತ ಹುಳದ ಚಿತ್ರವಿತ್ತು. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲದ ಜೀವವನ್ನು ಮೊಳದುದ್ದಕ್ಕೆ ಹಿಗ್ಗಿಸಿ ತೆಗೆದ ಚಿತ್ರ. ಮೈಯ ಎರಡೂ ಪಕ್ಕ ಬಂಗಾರದ ಎಳೆಗಳಂಥ ಬಿರುಗೂದಲು. ಎದುರು ಕುರ್ಚಿಯ ತುದಿಯಲ್ಲಿ ಕೂತಿದ್ದ ಹುಳದಕ್ಕ ತಾನೂ ನಕ್ಕಳು. ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದೇ ಹಾಗೆ. ಹನ್ನೊಂದು ವರ್ಷ ಧ್ರುವದ ಕಡಲತಳದಿಂದ ತಂದ ಕೆಸರನ್ನು ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹುಳವನ್ನು ಬೇರ್ಪಡಿಸಿದವಳಿಗೆ ಇನ್ನೇನು ಹೆಸರು ಬಂದೀತು?

ಅಧ್ಯಕ್ಷರ ಕಂಪನಿ ಆ ಕಡಲತಳವನ್ನು ಬಾಚಿ ಲೋಹದ ಗಟ್ಟಿಗಳನ್ನು ಮೇಲೆತ್ತಲು ಹೊರಟಿತ್ತು. ಅಲ್ಲಿ ಬರೀ ಕೆಸರು, ಬೇರೇನೂ ಇಲ್ಲ ಎಂದು ಅವರ ಕಾಗದಪತ್ರಗಳು ಹೇಳುತ್ತಿದ್ದವು. ಆ ಬರೀ ಕೆಸರಿನಲ್ಲೇ ಹುಳದಕ್ಕ ಇನ್ನೂರ ಹನ್ನೆರಡು ಬಗೆಯ ಹುಳಗಳನ್ನು ಕಂಡಿದ್ದಳು. ಕೊಳವೆ ಕಟ್ಟಿಕೊಂಡು ಬಾಳುವವು, ಕೆಸರನ್ನೇ ತಿಂದು ಬದುಕುವವು, ಪಕ್ಕದ ಹುಳವನ್ನು ಹಿಡಿದು ನುಂಗುವವು. ವರದಿ ಬರೆದಳು, ಅರ್ಜಿ ಬರೆದಳು, ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಆಕೆಗೊಂದು ಉಪಾಯ ಹೊಳೆಯಿತು. ಆ ಹುಳಗಳಲ್ಲಿ ಒಂದು ಜಾತಿ ಕಡಲತಳದ ಒಂದೇ ಒಂದು ತಗ್ಗನ್ನು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದನ್ನು ಮೊದಲು ಗುರುತಿಸಿದವಳು ಆಕೆ, ಹೆಸರಿಡುವ ಹಕ್ಕೂ ಆಕೆಯದೇ. ತನ್ನ ಹೆಸರು ಹೊತ್ತ ಜೀವದ ಮೇಲೆ ಯಾರು ತಾನೇ ಯಂತ್ರ ಓಡಿಸಿಯಾರು?

ತೊಡಕು ಒಂದೇ. ಆ ಹುಳಕ್ಕೆ ಅತ್ತೆಯ ಹೆಸರಿಡುವುದೆಂದು ಮೂರು ವರ್ಷದ ಹಿಂದೆಯೇ ಮನೆಯಲ್ಲಿ ತೀರ್ಮಾನವಾಗಿತ್ತು. ಮಗಳ ಮೊದಲ ಹಲ್ಲು, ಮೊದಲ ಹೆಜ್ಜೆ, ದಡಾರದ ಜ್ವರ, ಎಲ್ಲವನ್ನೂ ನೋಡಿದವರು ಅತ್ತೆ. ಆಗೆಲ್ಲ ಹುಳದಕ್ಕ ಹಡಗಿನಲ್ಲಿ ಮರಗಟ್ಟಿದ ಬೆರಳುಗಳಿಂದ ಜರಡಿ ಆಡಿಸುತ್ತಿದ್ದಳು. “ಸೊಸೆ ಅತ್ತೆ ಹೆಸರನ್ನ ಹುಳಕ್ಕೆ ಇಟ್ಟಳು ಅಂದ್ರೆ ಜನ ಏನಂದ್ಕೋತಾರೆ ಕಣೇ?” ಎಂದು ಅತ್ತೆ ಮೇಲೆ ಮೇಲೆ ಗೊಣಗಿದರೂ, ಮನೆಗೆ ಬಂದವರಿಗೆಲ್ಲ ಅವರೇ ಮೊದಲು ಆ ಸುದ್ದಿ ಹೇಳುತ್ತಿದ್ದರು. “ನನ್ನ ಹುಳ ಎಲ್ಲಿಗೆ ಬಂತು?” ಎಂದು ತಿಂಗಳಿಗೊಮ್ಮೆ ವಿಚಾರಿಸುತ್ತಿದ್ದರು.

ಆ ಅತ್ತೆಯ ಮುಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಹುಳದಕ್ಕ ವಿಷಯ ಹೇಳಿದ್ದಳು.

“ಹೆಸರು ಇಟ್ರೆ ಆ ಮನುಷ್ಯ ಉಳಿಸ್ತಾನಾ?” ಎಂದು ಅತ್ತೆ ಕೇಳಿದರು.

“ಉಳಿಸಬಹುದು ಅತ್ತೆ. ಬೇರೆ ದಾರಿ ಕಾಣಿಸ್ತಿಲ್ಲ.”

“ಹಾಗಿದ್ರೆ ಕೊಟ್ಬಿಡು. ಈ ವಯಸ್ಸಲ್ಲಿ ನನಗೆ ಹೆಸರು ಕಟ್ಕೊಂಡು ಏನಾಗ್ಬೇಕು?” ಎಂದವರೇ ಅತ್ತೆ ನಲ್ಲಿಯನ್ನು ಪೂರ್ತಿ ತಿರುಗಿಸಿ, ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದರು. ಸೊಸೆಯ ಕಡೆಗೆ ತಿರುಗಲಿಲ್ಲ. ಹೋದ ವಾರ ವಿಜ್ಞಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು ಅಚ್ಚಾಗಿ ಬಂತು. ಆ ಪುಟವನ್ನು ಹುಳದಕ್ಕ ಮನೆಗೆ ಒಯ್ಯಲಿಲ್ಲ.

ಅಧ್ಯಕ್ಷರು ಈಗ ಕನ್ನಡಕ ಏರಿಸಿ ಚಿತ್ರದ ಕೆಳಗಿನ ಸಾಲನ್ನು ಓದುತ್ತಿದ್ದರು. ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. “ನಾಳೆ ಇನ್ನೊಬ್ಬರು ಬಂದು ಇದನ್ನ ಬದಲಾಯಿಸಿಬಿಟ್ರೆ?”

“ಆಗಲ್ಲ ಸರ್. ಒಂದ್ಸಲ ಅಚ್ಚಾದ್ರೆ ಮುಗೀತು. ನೀವು ನಾವೆಲ್ಲ ಹೋದ ಮೇಲೂ ಹೆಸರು ಇರುತ್ತೆ.” ಹುಳದಕ್ಕ ಚೌಕಟ್ಟನ್ನು ಅವರ ಕಡೆಗೆ ಇನ್ನಷ್ಟು ಸರಿಸಿದಳು. ಇಷ್ಟು ದಿನ ಮನಸ್ಸಿನಲ್ಲೇ ಉರುಹೊಡೆದಿದ್ದ ಮಾತು ಹೊರಬಂತು. “ಹುಳ ಇರೋದು ಮಾತ್ರ ನಿಮ್ಮ ಕೈಲಿದೆ. ಇದು ಇರೋದು ಆ ಒಂದು ತಗ್ಗಲ್ಲಿ ಮಾತ್ರ. ಅದೊಂದು ಜಾಗ ಬಿಟ್ಟುಬಿಡಿ ಸರ್. ಉಳಿದದ್ದರ ಬಗ್ಗೆ ನಾನು ಬಾಯಿ ಬಿಡಲ್ಲ.”

ಕೊನೆಯ ಮಾತು ಹೇಗೆ ಬಂತೋ ಆಕೆಗೇ ತಿಳಿಯಲಿಲ್ಲ. ಉಳಿದದ್ದು ಎಂದರೆ ಇನ್ನೂರ ಹನ್ನೊಂದು.

ಅಧ್ಯಕ್ಷರು ಚೌಕಟ್ಟನ್ನು ಎರಡೂ ಕೈಗಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮೊಮ್ಮಗುವನ್ನು ನೋಡುವವರ ಹಾಗೆ ನೋಡಿದರು. ಮನೆಗೆ ಹೋಗಿ, ಉಳಿಯಿತು ಅತ್ತೆ ಎಂದು ಹೇಳುವುದನ್ನು ಹುಳದಕ್ಕ ಆಗಲೇ ನೆನೆಯತೊಡಗಿದ್ದಳು.

“ತುಂಬಾ ಚೆನ್ನಾಗಿದೆ ಮೇಡಂ,” ಎಂದರು ಅಧ್ಯಕ್ಷರು. “ಯಂತ್ರ ಇಳಿಸೋದು ಮುಂದಿನ ತಿಂಗಳು ಹತ್ತಕ್ಕೆ. ಮೊದಲು ಇಳಿಸೋದೇ ಆ ತಗ್ಗಿಗೆ, ಗಟ್ಟಿ ಜಾಸ್ತಿ ಇರೋದು ಅಲ್ಲೇ ಅಂತೆ. ಅದಕ್ಕೆ ಮುಂಚೆ ಒಂದಿಪ್ಪತ್ತು ಹುಳ ಹಿಡಿಸಿ, ಚಂದದ ಶೀಶೆಗಳಲ್ಲಿ ಹಾಕಿಸಿಕೊಡ್ತೀರಾ? ಆಮೇಲೆ ಸಿಗಲ್ವಲ್ಲ.”

“ಇಪ್ಪತ್ತು ಎಲ್ಲಿಂದ ತರ್ಲಿ ಸರ್?” ಆಕೆ ಕುರ್ಚಿಯಿಂದ ಎದ್ದು ನಿಂತಳು. “ಹನ್ನೊಂದು ವರ್ಷದಲ್ಲಿ ನಮಗೆ ಸಿಕ್ಕಿದ್ದೇ ಏಳು.”

ಅಧ್ಯಕ್ಷರು ಚೌಕಟ್ಟನ್ನು ಕೆಳಗಿಟ್ಟು, ಬೆರಳು ಮಡಚಿ ಏನೋ ಎಣಿಸಿದರು. ಮುಖ ಅರಳಿತು.

“ಏಳು ಸಾಕು ಬಿಡಿ. ಕಂಪನಿ ಬೋರ್ಡಿನಲ್ಲಿ ನಾವೂ ಏಳೇ ಜನ.”