ಒಂದು ಸಾಲಿನ ಉಕ್ತಲೇಖನ

ಶಾಲೆಯ ದೂರು ಪೆಟ್ಟಿಗೆಯಲ್ಲಿ ಚೀಟಿಯೊಂದು ಸಿಕ್ಕಿತ್ತು: ‘ಗಣಿತದ ಮೇಷ್ಟ್ರು ನಮ್ಮನ್ನು ಹಂದಿ ಎಂದು ಕರೆಯುತ್ತಾರೆ.’

“ಹೆಸರಿಲ್ಲದ ದೂರನ್ನ ವಿಚಾರಣೆಗೆ ತಗೊಳ್ಳೋಕಾಗಲ್ಲ,” ಎನ್ನುತ್ತ ಹೆಡ್‌ಮೇಡಂ ಅದನ್ನು ಗಣಿತದ ತಿಪ್ಪೇರುದ್ರಪ್ಪನವರಿಗೇ ತೋರಿಸಿದರು.

ಮೇಷ್ಟ್ರಿಗೆ ನಗು ಬಂತು. ಹಂದಿಗಳನ್ನು ಮತ್ತೇನೆಂದು ಕರೆಯಬೇಕು? “ಬರೆದೋರನ್ನ ನಾನೇ ಹಿಡಿದುಕೊಡ್ತೀನಿ ಮೇಡಂ. ಅಕ್ಷರ ಹೋಲಿಸಿದ್ರೆ ಸಾಕು.”

ನೇರ ಎಂಟನೇ ತರಗತಿಗೆ ಹೋದರು. “ಹಾಳೆ ತೆಗೀರಿ. ಮೇಲೆ ಹೆಸರು, ನಂಬರ್ ಹಾಕಿ. ಉಕ್ತಲೇಖನ.” ಚೀಟಿಯ ಸಾಲನ್ನೇ ಬಿಡಿಸಿ ಬಿಡಿಸಿ ಹೇಳಿದರು. ಒಂದೇ ಸಾಲು, ಆದರೂ ಮಕ್ಕಳು ಗಂಟೆ ಹೊಡೆಯುವವರೆಗೂ ಬರೆಯುತ್ತಲೇ ಇದ್ದರು. ದಡ್ಡ ಮುಂಡೇವು, ಎಂದುಕೊಂಡರು ಮೇಷ್ಟ್ರು.

ಮೊದಲ ಸಾಲಿನ ಅಕ್ಷರವನ್ನಷ್ಟೇ ನೋಡಿ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಪ್ರತಿ ಹಾಳೆಯ ಕೆಳಗೂ ಕೆಂಪು ಶಾಯಿಯಲ್ಲಿ ‘ನೋಡಿದ್ದೇನೆ’ ಎಂದು ಸಹಿ ಮಾಡಿ, ಕಟ್ಟನ್ನು ಮೇಡಂ ಮುಂದಿಟ್ಟರು. “ಮೇಲಿರೋ ಹಾಳೆ ನೋಡಿ. ಇವಳೇ.”

ಮೇಡಂ ಆ ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಅದರ ಕೆಳಗಿನದನ್ನು. ಹೀಗೇ ಕೊನೆಯವರೆಗೂ.

“ಮೊದಲ್ನೇ ಸಾಲು ನೀವು ಹೇಳಿದ್ದು. ಆಮೇಲಿಂದು ಅವರವರದೇ, ಯಾವತ್ತು ಏನಂದ್ರಿ, ಎಲ್ಲಿಗೆ ಹೊಡೆದ್ರಿ ಅಂತ. ನಲವತ್ತೊಂದು ದೂರು ಮೇಷ್ಟ್ರೇ, ಹೆಸರು ಸಮೇತ. ನೋಡಿದ್ದೇನೆ ಅಂತ ನಿಮ್ಮ ಸಹಿನೂ ಇದೆ.”