ಗಂಟಿನ ತಾತನ ಗಡ್ಡ

ಗಂಟಿನ ತಾತನ ಗಡ್ಡ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಅವನ ನೀಲಿ ನಿಲುವಂಗಿ ಇಸ್ತ್ರಿ ಮೇಜಿನ ಮೇಲೆ ಎರಡೂ ತೋಳು ಚಾಚಿ ಮಲಗಿತ್ತು. ಲಾಂಡ್ರಿಯ ಬಾಗಿಲಲ್ಲಿ ಶಾಲೆಯ ಚೀಲ ಹೊತ್ತು ಆರು ವರ್ಷದ ಮಗಳು ನಿಂತಿದ್ದಳು.

"ಇವತ್ತೇನೇ, ಇಷ್ಟು ಬೇಗ ಬಿಟ್ರು?" ಎನ್ನುತ್ತಲೇ ತಾಯಿ ಕೈಗೆ ಸಿಕ್ಕ ಟವೆಲನ್ನು ಬಕೆಟ್ಟಿನ ಮೇಲೆ ಎಸೆದಳು. ಆದರೆ ನೋಡಬಾರದ್ದನ್ನು ಮಗಳು ಆಗಲೇ ನೋಡಿಯಾಗಿತ್ತು.

ಅವಳ ಮುಖ ಬಿಳಿಚಿಕೊಂಡಿತು. "ತಾತ ಬಂದಿದ್ದಾನಾ?" ಎಂದು ಪಿಸುಗುಟ್ಟಿದವಳೇ, ಒಣಹಾಕಿದ್ದ ದೊಡ್ಡ ದೊಡ್ಡ ಹೊದಿಕೆಗಳ ಹಿಂದೆ ಓಡಿಹೋಗಿ ಅವಿತುಕೊಂಡಳು.

ತಾಯಿ ಬಕೆಟ್ಟಿನ ಟವೆಲನ್ನು ಇನ್ನಷ್ಟು ಒಳಗೊತ್ತಿದಳು. ಕಳ್ಳಿ ಸಿಕ್ಕಿಬಿದ್ದಿದ್ದಳು.

ವರ್ಷದ ಕೊನೆಯ ರಜೆಯಲ್ಲಿ ಮಕ್ಕಳಿರುವ ಮನೆಗೆಲ್ಲ ಉಡುಗೊರೆ ಹೊತ್ತು ತರುವವನು ಗಂಟಿನ ತಾತ. ಪೇಟೆಯ ದೊಡ್ಡ ಅಂಗಡಿಯಲ್ಲಿ ಅವನ ವೇಷ ಹಾಕಿದವರೊಬ್ಬರು ಕುರ್ಚಿಯಲ್ಲಿ ಕೂರುತ್ತಾರೆ. ಮಕ್ಕಳು ಸಾಲಾಗಿ ಬಂದು ಅವರ ಕಿವಿಯಲ್ಲಿ ತಂತಮ್ಮ ಆಸೆ ಹೇಳಿ ಹೋಗುತ್ತವೆ. ರಜೆಗೆ ಮುಂಚೆ ಆ ವೇಷ ಒಗೆಯಲು ಬರುವುದು ಈ ಲಾಂಡ್ರಿಗೇ. ಹಗಲು ಮಗಳ ಕಣ್ಣು ತಪ್ಪಿಸಿ ತಾತನ ಗಡ್ಡ ಒಗೆದು, ಸಂಜೆ ಅದೇ ಮಗಳಿಗೆ ತಾತನ ಕಥೆ ಹೇಳುವುದು ಇವಳಿಗೆ ರೂಢಿಯಾಗಿಬಿಟ್ಟಿತ್ತು. ಸುಳ್ಳಿಗೆ ಬಣ್ಣ ಕಟ್ಟುವುದರಲ್ಲೂ ಕಡಿಮೆಯವಳಲ್ಲ. "ತಾತನ ಕಿವೀಲಿ ಹೇಳಿದ್ದು ಆಗೇ ಆಗುತ್ತೆ, ಒಂದೂ ತಪ್ಪಲ್ಲ" ಎಂದು ಕಣ್ಣರಳಿಸಿ ಹೇಳುತ್ತಿದ್ದಳು.

ಆ ಮಾತೇ ಈಗ ಮುಳ್ಳಾಗಿ ಚುಚ್ಚುತ್ತಿತ್ತು. ಏಕೆಂದರೆ ಮಗಳಿಗೆ ಅನುಮಾನ ಬಂದು ವರ್ಷವಾಯಿತೆಂದು ಅವಳಿಗೆ ಅನಿಸಿತ್ತು. ಕಳೆದ ರಜೆಯಲ್ಲಿ ಸಿಕ್ಕ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಹುಡುಗಿ ಬಿಚ್ಚದೆ ಕಪಾಟಿನ ತಳಕ್ಕೆ ತಳ್ಳಿದ್ದಳು. ಮೊನ್ನೆ ಅಂಗಡಿಗೆ ಹೋಗೋಣವೆಂದರೆ ಬಾಗಿಲ ಚೌಕಟ್ಟು ಹಿಡಿದು ನಿಂತವಳು ಜಪ್ಪಯ್ಯ ಅಂದರೂ ಕದಲಲಿಲ್ಲ. "ನಂಗೇನೂ ಬೇಡ" ಎಂದಳು. ಬಾಯಿ ತೆರೆದರೆ ಪಟಪಟ ಸಿಡಿಯುತ್ತಾಳೆಂದು ಅಕ್ಕಪಕ್ಕದವರೆಲ್ಲ ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ಆ ಹೆಸರಿನಿಂದ ಈಚೆಗೆ ಯಾರೂ ಕರೆಯುತ್ತಿರಲಿಲ್ಲ. ಹೇಳಿದ ಮಾತಿಗೆ ಎದುರಿಲ್ಲ, ತಟ್ಟೆಯಲ್ಲಿ ಚೂರೂ ಉಳಿಸುವುದಿಲ್ಲ. "ಎಷ್ಟು ಜಾಣೆಯಾಗಿಬಿಟ್ಟಳು!" ಎಂದು ಜನ ಹೊಗಳಿದಾಗಲೆಲ್ಲ ತಾಯಿಗೆ ಸಂಕಟ. ಅಮ್ಮನ ಮೇಲೆ ನಂಬಿಕೆ ಕಳೆದುಕೊಂಡ ಮಕ್ಕಳೇ ಹೀಗೆ ಮುದುಡಿಹೋಗುವುದೇನೋ.

ನಿಜ ಹೇಳಿಬಿಡಬೇಕೆಂದು ಕಳೆದ ರಜೆಯಲ್ಲೇ ಅಂದುಕೊಂಡಿದ್ದಳು. ಅಷ್ಟರಲ್ಲಿ ಆಸ್ಪತ್ರೆ ಸೇರಬೇಕಾಯಿತು. ಐದು ತಿಂಗಳ ಬಸಿರು ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಎದ್ದು ನೀರು ಕಾಯಿಸುವ ತ್ರಾಣವೂ ಇರಲಿಲ್ಲ, ಇನ್ನು ತಾತನ ವಿಚಾರವೆಲ್ಲಿ? ಆಮೇಲೆ ಹೇಳಹೊರಟರೆ ಬಸ್ ಕಂಡಕ್ಟರ್ ಗಂಡ ತಡೆದಿದ್ದ. "ಮಕ್ಕಳಾಟ ಕಣೇ. ಇನ್ನೆರಡು ವರ್ಷ ನಡೀಲಿ ಬಿಡು."

ಇನ್ನು ನಡೆಯುವ ಹಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಹೊದಿಕೆ ಸರಿಸಿ, ಮಗಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಮಗಳು ಮೊಣಕಾಲು ತಬ್ಬಿ ಮುದ್ದೆಯಾಗಿದ್ದಳು.

"ತಾತ ಬಂದಿಲ್ಲ ಕಂದ. ತಾತ ಅನ್ನೋನು ಇಲ್ವೇ ಇಲ್ಲ."

ಮಗಳು ಮೊಣಕಾಲಿನಿಂದ ಮುಖ ಎತ್ತಿದಳು.

"ಉಡುಗೊರೆ ಎಲ್ಲ ತಂದಿಡ್ತಿದ್ದಿದ್ದು ನಾನೂ ಅಪ್ಪಾನೂ. ನಿಂಗೆ ಖುಷಿಯಾಗ್ಲಿ ಅಂತ ಸುಳ್ಳು ಹೇಳ್ದೆ. ತಪ್ಪಾಯ್ತು ಪುಟ್ಟಾ."

"ಅಂಗಡೀಲಿ ಕೂತಿರ್ತಾನಲ್ಲ?"

"ಅವರು ಅದೇ ಅಂಗಡಿ ಗೋದಾಮಲ್ಲಿ ಕೆಲಸ ಮಾಡೋ ಅಂಕಲ್. ಮೀಸೆ ಕೂಡ ಇಲ್ಲ ಅವರಿಗೆ. ಗಡ್ಡ ನೋಡು, ನನ್ನ ಬಕೆಟ್ಟಲ್ಲಿದೆ."

"ಅವರಿಗೆ ಮಾಯ ಮಾಡಕ್ಕೆ ಬರಲ್ವಾ?"

"ಎಲ್ಲಿ ಬರುತ್ತೆ! ಪಾಪ, ಕಿವೀನೇ ಸರಿಯಾಗಿ ಕೇಳ್ಸಲ್ಲ. ನೀವೆಲ್ಲ ಏನು ಹೇಳಿದ್ರೂ ಸುಮ್ನೆ ತಲೆ ಆಡಿಸ್ತಾರೆ ಅಷ್ಟೆ." ನಗಿಸಲು ನೋಡಿದಳು. ಮಗಳು ನಗಲಿಲ್ಲ. ಕಣ್ಣು ಕೀಲಿಸಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಹೇಳಿದ್ದು ಏನೂ ಆಗಲ್ವಾ?"

"ಏನೂ ಆಗಲ್ಲ."

"ಆಣೆ?"

"ನಿನ್ನಾಣೆ."

ಮರುಕ್ಷಣವೇ ಮಗಳ ಅಳು ಕಟ್ಟೆಯೊಡೆಯಿತು. ರಚ್ಚೆಯಲ್ಲ, ಹಟವಲ್ಲ, ದೊಡ್ಡವರು ಅಳುವಂಥ, ಮೈಯೆಲ್ಲ ಅದುರುವ ಅಳು. ತಾಯಿ ಅವಳನ್ನು ಬಾಚಿ ತಬ್ಬಿಕೊಂಡಳು. ಅಯ್ಯೋ, ಗಂಡ ಹೇಳಿದ್ದೇ ಸರಿಯಿತ್ತಲ್ಲ. ಒಂದು ಮಗುವಿನ ಪ್ರಪಂಚವನ್ನು ನಿಂತ ನಿಲುವಿನಲ್ಲಿ ಒಡೆದುಹಾಕಿದೆನಲ್ಲ. ತನ್ನ ಕಣ್ಣೂ ಹರಿಯುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

"ಬೈಯಮ್ಮ, ನನ್ನ ಚೆನ್ನಾಗಿ ಬೈಯಿ. ನಿನ್ನ ತಾತನ್ನ ಕಿತ್ತುಕೊಂಡುಬಿಟ್ಟೆ."

ಮಗಳು ಬೈಯಲಿಲ್ಲ. ಅಮ್ಮನ ಹೆಗಲಿಗೇ ಮೂಗು ಒರೆಸಿಕೊಂಡು, ಬಿಕ್ಕುತ್ತ, ಅವಳ ಕಿವಿಗೆ ಬಾಯಿ ತಂದಳು.

"ಹಾಗಾದ್ರೆ... ನಮ್ಮನೆಗೆ ಪಾಪು ಬೇಡ ಅಂತ ನಾನು ಹೋದ್ಸಲ ತಾತಂಗೆ ಹೇಳಿದ್ನಲ್ಲ... ಪಾಪು ಹೋಗಿದ್ದು ನನ್ನಿಂದ ಅಲ್ಲ ತಾನೆ, ಅಮ್ಮಾ?"