ಹನ್ನೊಂದು ಮಕ್ಕಳ ಶಾಲೆ

ಸೋಮವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚಿಕ್ಕಣ್ಣ ತನ್ನ ಇಬ್ಬರು ಮಕ್ಕಳ ಟಿ.ಸಿ. ಕೇಳಿಕೊಂಡು ಶಾಲೆಗೆ ಬಂದ. ಕಿಬ್ಬನಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆ ಸರ್ಕಾರಿ ಶಾಲೆಯಲ್ಲಿ ಇದ್ದದ್ದು ಹನ್ನೊಂದು ಮಕ್ಕಳು ಮತ್ತು ಒಬ್ಬಳೇ ಶಿಕ್ಷಕಿ, ನಿರ್ಮಲಾ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಪಟ್ಟಿ ಕಳುಹಿಸಿ ಎಂಬ ಸುತ್ತೋಲೆ ಹಿಂದಿನ ವಾರವಷ್ಟೇ ಬಂದಿತ್ತು.

“ಫಾರಿನ್‌ಗೆ ಓದಾಕೆ ಹೋಯ್ತೀರಂತಲ್ಲ ಮೇಡಂ,” ಎಂದ ಚಿಕ್ಕಣ್ಣ. ಕಾಯಿ ಸುಲಿದು ಕರೆ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಇನ್ನೂ ತೀರ್ಮಾನ ಮಾಡಿಲ್ಲ. ಎರಡು ಕಡೆ ಸೀಟು ಸಿಕ್ಕಿದೆ. ಇವತ್ತು ಸಂಜೆ ಐದರೊಳಗೆ ಒಂದನ್ನ ಒಪ್ಕೋಬೇಕು.”

ಎರಡೂ ಅಂತರರಾಷ್ಟ್ರೀಯ ಮತ್ತು ತೌಲನಿಕ ಶಿಕ್ಷಣದ ಎಂ.ಎ. ದೆಹಲಿಯದು ಎರಡು ವರ್ಷ. ಬೇಸಿಗೆ ರಜೆಯಲ್ಲಿ ತರಗತಿ, ಉಳಿದದ್ದು ಆನ್‌ಲೈನ್. ಶಾಲೆ ಬಿಡಬೇಕಾಗಿಲ್ಲ. ಇಂಗ್ಲೆಂಡಿನದು ಒಂದು ವರ್ಷ, ಪೂರ್ತಿ ವಿದ್ಯಾರ್ಥಿವೇತನ, ಸೆಪ್ಟೆಂಬರಿನಲ್ಲಿ ಅಲ್ಲಿರಬೇಕು. ಅದಕ್ಕೆ ವಯಸ್ಸಿನ ಮಿತಿ ನಲವತ್ತು. ನಿರ್ಮಲಾಗೆ ಮೂವತ್ತೊಂಬತ್ತು ತುಂಬಿತ್ತು, ಅರ್ಜಿ ಹಾಕಿದ್ದು ನಾಲ್ಕನೇ ಸಲ. ರಜೆ ಕೊಡುತ್ತೇವೆ, ಬದಲಿ ಶಿಕ್ಷಕರನ್ನು ಕೊಡಲಾಗದು ಎಂದು ಇಲಾಖೆಯ ಕಚೇರಿಯಲ್ಲಿ ಹೇಳಿದ್ದರು.

“ಅಲ್ಲೋಗಿ ಏನ್ ಓದ್ತೀರಾ?”

“ಹಳ್ಳಿ ಶಾಲೆಗಳು ಯಾಕೆ ಮುಚ್ತವೆ ಅಂತ. ನಮ್ಮಲ್ಲಿ ಹೇಗೆ, ಬೇರೆ ದೇಶದಲ್ಲಿ ಹೇಗೆ, ಹೋಲಿಸಿ ನೋಡೋದು.”

“ಅದ್ಕೆ ಅಷ್ಟು ದೂರ ಯಾಕೋಗ್ಬೇಕು ಬುಡಿ.”

ಹೇಳಿದವನೂ ನಗಲಿಲ್ಲ, ಕೇಳಿದವಳೂ ನಗಲಿಲ್ಲ.

“ಸಂಜೆವರೆಗೆ ತಡಿ ಚಿಕ್ಕಣ್ಣ.”

“ಕಾನ್ವೆಂಟ್ನೋರು ಒಂದು ಗಂಟೆಗೆ ಬಾಗ್ಲು ಹಾಕ್ತಾರೆ ಕಣ್ರೀ. ಮಕ್ಳನ್ನ ಸೇರ್ಸಾಕೆ ಇವತ್ತೇ ಕಡೆ. ನಂಗೇನು ಆಸೆಯಾ? ಮಗ್ಳು ಇಂಪನಾ ಬೆಳಗ್ಗಿಂದ ಹಟ ಹಿಡ್ದವ್ಳೆ, ಮಿಸ್ಸನ್ನ ಬುಟ್ಟು ಹೋಗಲ್ಲ ಅಂತ. ಇರ್ತೀನಿ ಅನ್ನಿ ಸಾಕು, ಹಿಂಗೇ ವಾಪಸ್ ಹೋಯ್ತೀನಿ.”

ನಿರ್ಮಲಾ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಮುಚ್ಚಿದಳು. ಬಿಸಿಯೂಟ ಮಾಡುವ ಶಿವರುದ್ರಮ್ಮ ಅಕ್ಕಿಯ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನೋ ಒಂದು ಹೇಳ್ಬುಡಿ ಮೇಡಂ. ಒಲೆ ಉರೀತಾ ಐತೆ. ಹನ್ನೊಂದು ಜನಕ್ಕೆ ಹಾಕ್ಲಾ, ಒಂಬತ್ತಕ್ಕಾ?”

“ಹನ್ನೊಂದಕ್ಕೇ ಹಾಕಿ,” ಎಂದಳು ನಿರ್ಮಲಾ. “ಇವತ್ತೊಂದಿನ ಊಟ ಮಾಡ್ಕೊಂಡು ಹೋಗ್ಲಿ.”

ಅವಳು ಬೀರುವಿನಿಂದ ಟಿ.ಸಿ. ಪುಸ್ತಕ ತೆಗೆದಳು. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ಎರಡರಲ್ಲೂ ‘ಪೋಷಕರ ಕೋರಿಕೆ’ ಎಂದು ಬರೆದು, ಮೊಹರು ಒತ್ತಿದಳು.

ನಾಲ್ಕೂ ಮುಕ್ಕಾಲಿಗೆ ಇಂಗ್ಲೆಂಡಿಗೆ ಒಪ್ಪಿಗೆ ಹೋಯಿತು. ಆಗಸ್ಟ್ ಕೊನೆಯ ವಾರ ಶಾಲೆಯನ್ನು ಹೆದ್ದಾರಿ ಬದಿಯ ಶಾಲೆಯೊಂದಿಗೆ ವಿಲೀನ ಮಾಡಲಾಯಿತು. ಉಳಿದಿದ್ದ ಒಂಬತ್ತು ಮಕ್ಕಳಲ್ಲಿ ಐವರು ಅಲ್ಲಿಗೆ ಸೇರಿದರು. ನಾಲ್ವರು ಎಲ್ಲಿಯೂ ಸೇರಲಿಲ್ಲ.